ಹಸುಗೂಸಿನ ಹೊಟ್ಟೆ: ತಾಯಿಹಾಲು, ಮನೆಮದ್ದು ಮತ್ತು ಚೀನೀ ವೈದ್ಯ

ಬೆಂಗಳೂರಿನ ದಂಡು ಪ್ರದೇಶದ ರಸೆಲ್ ಮಾರುಕಟ್ಟೆಯನ್ನು ಬ್ರಿಟಿಷರು ಕಟ್ಟಿಸಿದ್ದು 1927ರಲ್ಲಿ. 1933ರಲ್ಲಿ ಅದನ್ನು ಉದ್ಘಾಟಿಸಿದವರು ಅಂದಿನ ಹೆಸರಾಂತ ವರ್ತಕ ಹಾಗೂ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠ್. ಅದೇ ದಾನಿಯ ಹೆಸರನ್ನು ಹೊತ್ತ ಗೋಷಾ ಆಸ್ಪತ್ರೆ ಇದೇ ಶಿವಾಜಿನಗರ ಭಾಗದಲ್ಲಿದೆ. ಗೋಷಾ ಎಂದರೆ ಪರದೆ. ಪರದೆಯ ಪದ್ಧತಿ ಪಾಲಿಸುವ ಹೆಂಗಸರೂ ಸಂಕೋಚವಿಲ್ಲದೆ ಬಂದು ಹೆರಿಗೆ ಮಾಡಿಸಿಕೊಳ್ಳಲಿ ಎಂಬುದು ಆ ಹೆಸರಿನ ಹಿಂದಿನ ಆಶಯ.

ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯ ಮಗು ರಾತ್ರಿಯಿಡೀ ಅತ್ತರೆ ಹಿರಿಯರಿಗೆ ಮೊದಲು ನೆನಪಾಗುವುದು ಗ್ರಂಥಿಗೆ ಅಂಗಡಿ. ನಗರದ ಹಳೆಯ ಪೇಟೆಗಳಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಓಮ, ಹಿಂಗು ಇವೆಲ್ಲ ಕೈಗೆಟಕುವ ಬೆಲೆಗೆ ದೊರೆಯುತ್ತವೆ. ಬಿರಿಯಾನಿಗೆಂದು ಕೊಳ್ಳುವ ಚಕ್ರಮೊಗ್ಗು ದಕ್ಷಿಣ ಚೀನಾ ಹಾಗೂ ವಿಯೆಟ್ನಾಂ ಮೂಲದ್ದು. ಹಲವು ದೇಶಗಳಲ್ಲಿ ಅದು ಶಿಶುಗಳ ಹೊಟ್ಟೆನೋವಿನ ಕಷಾಯವೂ ಹೌದು. ನಮ್ಮ ಬಜೆಯ ಹತ್ತಿರದ ಬಂಧುವೊಂದು ಚೀನೀ ಔಷಧಿ ಪಟ್ಟಿಯಲ್ಲಿ 'ಶಿ ಚಾಂಗ್ ಪು' ಎಂಬ ಹೆಸರಿನಲ್ಲಿದೆ. ಎರಡೂ ನಾಡುಗಳ ಅಜ್ಜಿಯರು ಒಂದೇ ಬಗೆಯ ಬೇರಿಗೆ ಕೈಹಾಕಿದ್ದಾರೆ.

ಈ ಮದ್ದುಗಳಲ್ಲಿ ಯಾವುದು ನಿರಪಾಯಕಾರಿ, ಯಾವುದು ಅಪಾಯಕಾರಿ? ಹಸುಗೂಸಿನ ಯಾವ ತೊಂದರೆ ತಾನಾಗಿ ಶಮನವಾಗುತ್ತದೆ, ಯಾವುದಕ್ಕೆ ಆಸ್ಪತ್ರೆಯೇ ಗತಿ? ಜನನದ ಮೊದಲ 28 ದಿನಗಳನ್ನು ವೈದ್ಯಶಾಸ್ತ್ರ ನವಜಾತ ಅವಧಿ ಎಂದು ಕರೆಯುತ್ತದೆ. ಈ ಅವಧಿಯಲ್ಲಿ ಮಗುವಿನ ಸ್ಥಿತಿ ಕೆಲವೇ ಗಂಟೆಗಳಲ್ಲಿ ಬಿಗಡಾಯಿಸಬಹುದು. ಮನೆಮದ್ದಿನ ನಿಜವಾದ ಅಪಾಯ ಎರಡು ಬಗೆಯದು: ಮದ್ದಿನೊಳಗಿನ ವಸ್ತು ಒಂದು, ಅದನ್ನು ನಂಬಿ ಕಳೆದುಹೋಗುವ ಸಮಯ ಇನ್ನೊಂದು.

ಮೊದಲ ದಿನಗಳ ಹೊಟ್ಟೆ

ಹುಟ್ಟಿದ ಮಗುವಿನ ಜಠರ ಅತಿ ಚಿಕ್ಕದು. ಮೊದಲ ದಿನ ಅದು ಒಂದು ಸಲಕ್ಕೆ ಕುಡಿಯುವುದು ಒಂದೆರಡು ಟೀ ಚಮಚೆಯಷ್ಟು ಮಾತ್ರ. ತಾಯಿಯ ಎದೆಯಲ್ಲಿ ಆಗ ಒಸರುವ ಹಳದಿ ಬಣ್ಣದ ಮಂದವಾದ ಮೊದಲ ಹಾಲಿನ ಪ್ರಮಾಣವೂ ಅಷ್ಟೇ. ಇದನ್ನು ಕಂಡು 'ಹಾಲೇ ಬಂದಿಲ್ಲ' ಎಂದು ಸಕ್ಕರೆ ನೀರು ಕುಡಿಸುವುದು, 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲುವುದು ಇಂದಿಗೂ ಅಲ್ಲಲ್ಲಿ ನಡೆಯುತ್ತಿದೆ. ಈ ಮೊದಲ ಹಾಲಿನಲ್ಲಿ ರೋಗನಿರೋಧಕ ಅಂಶಗಳು ಹೇರಳವಾಗಿರುತ್ತವೆ. ಕರುಳಿನೊಳಗಿನ ಕಪ್ಪು ಮಲ ಹೊರಹೋಗಲು ಅದು ನೆರವಾಗುತ್ತದೆ. ಹೀಗೆ ಅದು ಮಗುವಿನ ಮೊದಲ ಲಸಿಕೆಯೂ ಹೌದು, ಮೊದಲ ಜುಲಾಬೂ ಹೌದು. ಮೂರರಿಂದ ಐದನೇ ದಿನದೊಳಗೆ ಸಾಮಾನ್ಯವಾಗಿ ಹಾಲು ತುಂಬಿ ಬರುತ್ತದೆ. ಸಿಸೇರಿಯನ್ ಆದವರಲ್ಲಿ, ಮಧುಮೇಹ ಇರುವವರಲ್ಲಿ ಒಂದೆರಡು ದಿನ ತಡವಾಗಬಹುದು.

ಜನಿಸಿದ ಒಂದು ಗಂಟೆಯೊಳಗೆ ಮೊಲೆ ಹಾಲು ಕುಡಿಸಲು ಆರಂಭಿಸಬೇಕು, ಆರು ತಿಂಗಳವರೆಗೆ ತಾಯಿಹಾಲಿನ ಹೊರತು ನೀರನ್ನೂ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮೊದಲ ಗಂಟೆಯಲ್ಲಿ ಹಾಲು ಪಡೆದ ಮಕ್ಕಳು ಶೇ. 41.8 ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ತಾಯಿಹಾಲನ್ನಷ್ಟೇ ಕುಡಿಯುತ್ತಿದ್ದವರು ಶೇ. 63.7.

ಹಾಲು ಸಾಲುತ್ತಿದೆಯೇ?

'ಅಳದಿದ್ದರೆ ತಾಯಿಯೂ ಹಾಲು ಕೊಡಳು' ಎಂಬ ಗಾದೆ ಕನ್ನಡದಲ್ಲಿದೆ. ಹಸುಗೂಸಿನ ಮಟ್ಟಿಗೆ ಈ ಗಾದೆಯನ್ನು ತಿದ್ದಿಕೊಳ್ಳಬೇಕು. ಅಳು ಹಸಿವಿನ ಕೊನೆಯ ಲಕ್ಷಣ. ಬಾಯಿ ತೆರೆದು ತಲೆ ಅತ್ತಿತ್ತ ತಿರುಗಿಸುವುದು, ಕೈಬೆರಳನ್ನು ಬಾಯಿಗೆ ಒಯ್ಯುವುದು, ತುಟಿ ಚಪ್ಪರಿಸುವುದು ಮೊದಲ ಸೂಚನೆಗಳು. ಅತ್ತು ಸುಸ್ತಾದ ಮಗು ಮೊಲೆಯನ್ನು ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ಗಾಳಿ ನುಂಗುತ್ತದೆ. ಹೊಟ್ಟೆಯುಬ್ಬರವೆಂದು ತೋರುವ ಎಷ್ಟೋ ತೊಂದರೆಗಳ ಮೂಲ ಇಲ್ಲಿದೆ.

ದಿನಕ್ಕೆ 8ರಿಂದ 12 ಸಲ ಹಾಲುಣಿಸುವುದು ಸಹಜ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಅಳುವಿಗಿಂತ ಒದ್ದೆಯಾದ ಬಟ್ಟೆಗಳನ್ನು ಎಣಿಸುವುದು ಮೇಲು. ಐದಾರು ದಿನಗಳ ಬಳಿಕ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು. ಮೂತ್ರ ತಿಳಿಯಾಗಿರಬೇಕು. ಮೊದಲ ವಾರದಲ್ಲಿ ಮಗುವಿನ ತೂಕ ಶೇ. 7ರಷ್ಟು ಇಳಿಯುವುದುಂಟು. ಶೇ. 10ಕ್ಕಿಂತ ಹೆಚ್ಚು ಇಳಿದರೆ, ಎರಡು ವಾರ ಕಳೆದರೂ ಹುಟ್ಟಿದಾಗಿನ ತೂಕಕ್ಕೆ ಮರಳದಿದ್ದರೆ ವೈದ್ಯರ ತಪಾಸಣೆ ಅಗತ್ಯ.

ಹಾಲೂಡಿಸುವಾಗಿನ ತೊಂದರೆಗಳು

ಬಹುಪಾಲು ತೊಂದರೆಗಳಿಗೆ ಮದ್ದು ಮಗುವನ್ನು ಹಿಡಿಯುವ ರೀತಿಯಲ್ಲಿದೆ. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರಬೇಕು. ಮೊಲೆತೊಟ್ಟಿನ ಜತೆಗೆ ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲು ಮಗುವಿನ ಬಾಯೊಳಗಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟನ್ನಷ್ಟೇ ಚೀಪಿದರೆ ತಾಯಿಗೆ ತೊಟ್ಟು ಒಡೆದು ನೋವಾಗುತ್ತದೆ, ಮಗುವಿಗೆ ಹಾಲು ಸಾಲದಾಗುತ್ತದೆ, ಎದೆ ಬಿಗಿದು ಹಾಲು ಕಟ್ಟುತ್ತದೆ. ನಾಲಗೆಯ ಕೆಳಗಿನ ಪೊರೆ ಬಿಗಿಯಾಗಿರುವ ಕೆಲವು ಶಿಶುಗಳಿಗೆ ಮೊಲೆ ಹಿಡಿಯುವುದೇ ಕಷ್ಟ. ಇದನ್ನು ವೈದ್ಯರು ಪರೀಕ್ಷಿಸಿ ಹೇಳಬಲ್ಲರು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರರ ಹೊಂದಾಣಿಕೆ ಇನ್ನೂ ಕುದುರಿರುವುದಿಲ್ಲ. ಇವರಿಗೆ ತಾಯಿಯ ಹಾಲನ್ನೇ ಹಿಂಡಿ ತೆಗೆದು ಚಮಚೆಯಲ್ಲಿ ಅಥವಾ ಒಳಲೆಯಲ್ಲಿ ಕುಡಿಸಲಾಗುತ್ತದೆ. ಹಳೆಯ ತಲೆಮಾರಿನ ಮನೆಗಳಲ್ಲಿದ್ದ ಒಳಲೆಯನ್ನು ಇಂದಿನ ನವಜಾತ ಶಿಶು ಘಟಕಗಳೂ ಬಳಸುತ್ತವೆ. ಬಾಟಲಿ ಹಾಗೂ ನಿಪ್ಪಲ್‌ಗಿಂತ ಒಳಲೆಯನ್ನು ತೊಳೆದು ಕುದಿಸಿ ಶುಚಿಯಾಗಿಡುವುದು ಸುಲಭ. ಬಾಟಲಿ ಹಾಗೂ ಹಾಲಿನ ಪುಡಿಯ ಜಾಹೀರಾತನ್ನು ದೇಶದಲ್ಲಿ 1992ರ ಕಾಯ್ದೆಯೇ ನಿಷೇಧಿಸಿದೆ. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ತಾಯಿಹಾಲಿಗೆ ಪರ್ಯಾಯವೆಂದು ಹಸುವಿನ ಹಾಲು ಕೊಡುವುದು ಸಲ್ಲದು. ಅದರಲ್ಲಿರುವ ಪ್ರೋಟೀನು, ಲವಣಗಳ ಭಾರವನ್ನು ಹಸುಗೂಸಿನ ಮೂತ್ರಪಿಂಡ ತಾಳದು. ಅದರಲ್ಲಿ ಕಬ್ಬಿಣಾಂಶವೂ ಕಡಿಮೆ. ಬೆಂಗಳೂರಿನ ಬೀದಿಗಳಲ್ಲಿ ಕತ್ತೆಯನ್ನು ಹೊಡೆದುಕೊಂಡು ಬಂದು ಅಳತೆಯ ಲೆಕ್ಕದಲ್ಲಿ ಕತ್ತೆ ಹಾಲು ಮಾರುವವರಿದ್ದಾರೆ. ಕಫ ಕರಗುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ ಎಂದು ನಂಬಿ ಬಾಣಂತಿ ಮನೆಗಳವರು ಅದನ್ನು ಕೊಳ್ಳುತ್ತಾರೆ. ಕಾಯಿಸದೆ ಕುಡಿಸುವ ಯಾವುದೇ ಪ್ರಾಣಿಯ ಹಾಲು ಎಳೆಯ ಕರುಳಿಗೆ ಸೋಂಕು ತಗುಲಿಸಬಲ್ಲದು.

ಕಕ್ಕುವುದು, ಅಳುವುದು

ಹಾಲು ಕುಡಿದ ಮಗು ತುಸು ಹಾಲನ್ನು ತುಟಿಯಂಚಿನಿಂದ ಹೊರಹಾಕುವುದು ರೋಗವಲ್ಲ. ಅನ್ನನಾಳ ಮತ್ತು ಜಠರದ ನಡುವಿನ ಸ್ನಾಯು ಇನ್ನೂ ಬಿಗಿಗೊಂಡಿರದ ಕಾರಣ ಹೀಗಾಗುತ್ತದೆ. ನಾಲ್ಕನೇ ತಿಂಗಳ ವೇಳೆಗೆ ಹೆಚ್ಚಾಗಿ, ಬಳಿಕ ಕಡಿಮೆಯಾಗಿ, ವರ್ಷ ತುಂಬುವುದರೊಳಗೆ ಬಹುತೇಕ ಮಕ್ಕಳಲ್ಲಿ ನಿಲ್ಲುತ್ತದೆ. ಮಗುವಿನ ತೂಕ ಏರುತ್ತಿದ್ದರೆ ಚಿಂತಿಸಬೇಕಿಲ್ಲ. ಹಾಲುಣಿಸಿದ ನಂತರ ಹೆಗಲ ಮೇಲೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿದರೆ ಸಾಕು. ಮಲಗಿಸುವಾಗ ಮಾತ್ರ ಅಂಗಾತ ಮಲಗಿಸಬೇಕು. ಕಕ್ಕುತ್ತದೆಂದು ಬೋರಲು ಮಲಗಿಸುವುದು ಅಪಾಯಕಾರಿ.

ಎರಡು ಮೂರು ವಾರಗಳ ಮಗು ಸಂಜೆಯಾಗುತ್ತಲೇ ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಗಂಟೆಗಟ್ಟಲೆ ಅಳುವುದನ್ನು ಕೋಲಿಕ್ ಎನ್ನುತ್ತಾರೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಕಾಲ ಅಳುವುದು ಕೋಲಿಕ್ ಎಂಬ 'ಮೂರರ ಲೆಕ್ಕ'ವನ್ನು ಅಮೆರಿಕದ ಮಕ್ಕಳ ವೈದ್ಯರು 1954ರಲ್ಲಿ ಮುಂದಿಟ್ಟರು. ಆರನೇ ವಾರದಲ್ಲಿ ಇದು ಅತಿಯಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಹೀಗೆ ತಾನಾಗಿ ಇಳಿಯುವ ಕಾಲಕ್ಕೆ ಯಾವ ಮದ್ದು ಕೊಟ್ಟಿದ್ದರೂ ಕೀರ್ತಿ ಆ ಮದ್ದಿಗೇ ಸಲ್ಲುತ್ತದೆ. ಬಜೆ, ಗ್ರೈಪ್ ವಾಟರ್, ಚೀನೀ ಕಷಾಯ ಇವೆಲ್ಲವುಗಳ ಖ್ಯಾತಿಯ ಬಹುಪಾಲು ಈ ಕಾಲಗುಣದಿಂದ ಬಂದುದು.

ಔಷಧಿ ಅಂಗಡಿಯಲ್ಲಿ ಕೇಳಿ ತರುವ ಹೊಟ್ಟೆನೋವಿನ ಡ್ರಾಪ್ಸ್ ವಿಷಯದಲ್ಲೂ ಎಚ್ಚರ ಬೇಕು. ಡೈಸೈಕ್ಲೋಮಿನ್ ಎಂಬ ಔಷಧವನ್ನು ಆರು ತಿಂಗಳೊಳಗಿನ ಮಕ್ಕಳಿಗೆ ಕೊಡಲೇಬಾರದು. ಉಸಿರಾಟ ನಿಂತುಹೋದ ಪ್ರಕರಣಗಳು ವರದಿಯಾಗಿವೆ.

ಮಲ ಏನು ಹೇಳುತ್ತದೆ?

ಮೊದಲ 24 ಗಂಟೆಗಳಲ್ಲಿ ಬಹುತೇಕ ಶಿಶುಗಳು ಕಪ್ಪು ಮಲ ವಿಸರ್ಜಿಸುತ್ತವೆ. 48 ಗಂಟೆ ಕಳೆದರೂ ಆಗದಿದ್ದರೆ ಕರುಳಿನ ಅಡಚಣೆ ಅಥವಾ ಕರುಳಿನ ನರಗಳ ಜನ್ಮಜಾತ ದೋಷದ ಶಂಕೆ ಮೂಡುತ್ತದೆ. ನಾಲ್ಕೈದನೇ ದಿನಕ್ಕೆ ಮಲ ಹಳದಿಗೆ ತಿರುಗಬೇಕು. ತಾಯಿಹಾಲು ಕುಡಿಯುವ ಮಗು ಪ್ರತಿ ಸಲ ಹಾಲು ಕುಡಿದಾಗಲೂ ನೀರುನೀರಾಗಿ ಮಲ ಮಾಡುವುದು ಭೇದಿಯಲ್ಲ. ಒಂದೂವರೆ ತಿಂಗಳ ನಂತರ ಅದೇ ಮಗು ಮೂರು ನಾಲ್ಕು ದಿನಕ್ಕೊಮ್ಮೆ ಮೆತ್ತಗಿನ ಮಲ ಮಾಡಿದರೆ ಮಲಬದ್ಧತೆಯೂ ಅಲ್ಲ. ಸಾಬೂನು ತುಂಡು, ವೀಳ್ಯದೆಲೆಯ ತೊಟ್ಟು ಇಟ್ಟು ಮಲ ತೆಗೆಸುವ ಅಭ್ಯಾಸ ಗುದದ್ವಾರಕ್ಕೆ ಗಾಯ ಮಾಡುತ್ತದೆ.

ಮಲದ ಬಣ್ಣ ಸುಣ್ಣದಂತೆ ಬಿಳಿಚಿದ್ದರೆ ತಡಮಾಡಬಾರದು. ಎರಡು ವಾರ ಮೀರಿದರೂ ಕಾಮಾಲೆ ಇಳಿಯದೆ, ಮಲ ಬಿಳಿಚಿ, ಮೂತ್ರ ಹಳದಿಯಾದರೆ ಅದು ಪಿತ್ತನಾಳ ಮುಚ್ಚಿಹೋದ ಸೂಚನೆ ಇರಬಹುದು. ಇದರ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು. ಕಾಮಾಲೆಗೆ ನಾಟಿ ಮದ್ದು ಮಾಡುತ್ತ ಕುಳಿತರೆ ಆ ಅವಧಿಯೇ ಕೈಜಾರುತ್ತದೆ.

ನಮ್ಮ ಮನೆಮದ್ದುಗಳು

ಆಯುರ್ವೇದದಲ್ಲಿ ಮಕ್ಕಳ ಚಿಕಿತ್ಸೆಗೆ ಕೌಮಾರಭೃತ್ಯವೆಂಬ ಪ್ರತ್ಯೇಕ ಅಂಗವೇ ಇದೆ. ಅದರ ಪ್ರಮುಖ ಗ್ರಂಥ ಕಾಶ್ಯಪ ಸಂಹಿತೆ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ ಅದು 1938ರಲ್ಲಿ ಅಚ್ಚಾಯಿತು. ಮಗುವಿಗೆ ನೆಕ್ಕಿಸುವ ಲೇಹ್ಯಗಳಿಗೆ ಮೀಸಲಾದ ಅಧ್ಯಾಯ ಅದರಲ್ಲಿದೆ. ಯಾರಿಗೆ ನೆಕ್ಕಿಸಬೇಕು, ಯಾರಿಗೆ ನೆಕ್ಕಿಸಬಾರದು ಎಂಬ ವಿವೇಚನೆಯೂ ಅಲ್ಲಿದೆ. ಆ ವಿವೇಚನೆ ಮಾತ್ರ ಗ್ರಂಥಿಗೆ ಅಂಗಡಿಯಿಂದ ತಂದ ಪೊಟ್ಟಣದ ಜತೆ ಮನೆಗೆ ಬರುವುದಿಲ್ಲ.

ಬಜೆ: ದೀಪದ ಉರಿಯಲ್ಲಿ ಸುಟ್ಟು, ಸಾಣೆಕಲ್ಲಿನ ಮೇಲೆ ತೇಯ್ದು ಹಸುಗೂಸಿಗೆ ನೆಕ್ಕಿಸುವುದು ರೂಢಿ. ಬುದ್ಧಿ ಚುರುಕಾಗುತ್ತದೆ, ಹೊಟ್ಟೆಯುಬ್ಬರ ಇಳಿಯುತ್ತದೆ ಎಂಬುದು ನಂಬಿಕೆ. ಬಜೆಯಲ್ಲಿರುವ ಬೀಟಾ ಆಸರೋನ್ ಎಂಬ ಅಂಶ ಪ್ರಯೋಗಪ್ರಾಣಿಗಳಲ್ಲಿ ಗಡ್ಡೆ ಬೆಳೆಸಿದ ಕಾರಣ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಭಾರತದಲ್ಲಿ ಬೆಳೆಯುವ ಬಜೆಯಲ್ಲಿ ಈ ಅಂಶ ಅಧಿಕ. ತೇಯುವ ಕಲ್ಲು, ಬೆರೆಸುವ ನೀರು, ನೆಕ್ಕಿಸುವ ಬೆರಳು ಇವುಗಳಿಂದ ತಗುಲುವ ಸೋಂಕಿನ ಭಯ ಬೇರೆ.

ಜಾಯಿಕಾಯಿ: ಮಗು ನಿದ್ದೆ ಹೋಗಲೆಂದು ತೇಯ್ದು ಕೊಡುತ್ತಾರೆ. ಅದರಲ್ಲಿನ ಮಿರಿಸ್ಟಿಸಿನ್ ಮಂಪರು ತರುವ ವಸ್ತು. ಮಂಪರಿನಲ್ಲಿರುವ ಮಗು ಹಾಲು ಕುಡಿಯದು, ರೋಗಲಕ್ಷಣವೂ ಮರೆಯಾಗುತ್ತದೆ.

ಹಿಂಗು: ಹೊಕ್ಕುಳ ಸುತ್ತ ಹಚ್ಚುವುದು ಬಳಕೆಯಲ್ಲಿದೆ. ಬಾಯಿಗೆ ಕೊಟ್ಟಾಗ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಶಿಶು ನೀಲಿಗಟ್ಟಿದ ಪ್ರಕರಣ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಹೊಕ್ಕುಳ ಬಳ್ಳಿ ಒಣಗಿ ಬೀಳುವವರೆಗೆ ಅಲ್ಲಿ ಏನನ್ನೂ ಹಚ್ಚಬಾರದು.

ಜೇನುತುಪ್ಪ: ಜಾತಕರ್ಮದಲ್ಲಿ ಜೇನು, ತುಪ್ಪ ನೆಕ್ಕಿಸುವ ಸಂಪ್ರದಾಯ ಹಿಂದೂ ಮನೆಗಳಲ್ಲಿದೆ. ಶಿವಾಜಿನಗರದಂಥ ಕಡೆ ಮುಸ್ಲಿಂ ಮನೆಗಳಲ್ಲಿ ಜಗಿದು ಮೆತ್ತಗೆ ಮಾಡಿದ ಖರ್ಜೂರವನ್ನು ಶಿಶುವಿನ ಅಂಗುಳಿಗೆ ಸವರುವ ತಹನೀಕ್ ನಡೆಯುತ್ತದೆ. ಖರ್ಜೂರದ ಬದಲು ಜೇನು ಬಳಸುವವರೂ ಇದ್ದಾರೆ. ಪುಷ್ಯ ನಕ್ಷತ್ರದಂದು ನಡೆಯುವ ಸ್ವರ್ಣಪ್ರಾಶನದಲ್ಲೂ ಜೇನು ಇರುತ್ತದೆ. ಜೇನಿನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳಿರಬಹುದು. ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ಎಳೆಯ ಕರುಳಿನಲ್ಲಿ ಅವು ಮೊಳೆತು ವಿಷ ಉಂಟುಮಾಡುತ್ತವೆ. ಈ ರೋಗವನ್ನು ಶಿಶುಗಳಲ್ಲಿ ಗುರುತಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮಲಬದ್ಧತೆ, ಹಾಲು ಚೀಪಲು ಬಲವಿಲ್ಲದಿರುವುದು ಇದರ ಆರಂಭದ ಲಕ್ಷಣ. ಮಲಬದ್ಧತೆಗೆಂದು ಮತ್ತೆ ಜೇನು ನೆಕ್ಕಿಸಿದರೆ ಪರಿಣಾಮ ಊಹಿಸಬಹುದು. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಬಾಯಲ್ಲಿ ಜಗಿದುದನ್ನು ಕೊಡುವುದರಿಂದಲೂ ಸೋಂಕು ದಾಟಬಹುದು. ಶಾಸ್ತ್ರಕ್ಕೆಂದು ಮಾಡುವವರು ಹಿಂದಿನ ದಿನವೇ ಮಕ್ಕಳ ವೈದ್ಯರೊಡನೆ ಮಾತನಾಡಿಕೊಳ್ಳುವುದು ಒಳ್ಳೆಯದು.

ಗ್ರೈಪ್ ವಾಟರ್: ಇದು ನಾಟಿ ಮದ್ದಲ್ಲ. ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಿಸಿದ್ದು. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆಯ ಜತೆಗೆ ಹಳೆಯ ತಯಾರಿಕೆಯಲ್ಲಿ ಶೇ. 3.6ರಷ್ಟು ಮದ್ಯಸಾರವೂ ಇತ್ತು. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಮದ್ಯಸಾರವನ್ನು ಕೈಬಿಡಲಾಯಿತು. ಇಂದಿನ ಬಾಟಲಿಗಳಲ್ಲಿ ಅದಿಲ್ಲದಿದ್ದರೂ ಹಸುಗೂಸಿಗೆ ಇದರಿಂದ ಪ್ರಯೋಜನವಿದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಆರು ತಿಂಗಳವರೆಗೆ ತಾಯಿಹಾಲಷ್ಟೇ ಎಂಬ ನಿಯಮಕ್ಕೂ ಇದು ಹೊಂದುವುದಿಲ್ಲ.

ಚೀನೀ ವೈದ್ಯ ಏನು ಹೇಳುತ್ತದೆ?

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಮಕ್ಕಳ ಚಿಕಿತ್ಸೆಯ ಆದಿಪುರುಷನೆಂದು ಗೌರವಿಸಲ್ಪಡುವವನು ಸೋಂಗ್ ವಂಶದ ಕಾಲದ ಚಿಯೆನ್ ಯಿ. ಅವನ ಬೋಧನೆಗಳನ್ನು ಶಿಷ್ಯವರ್ಗ ಕಲೆಹಾಕಿ ಗ್ರಂಥರೂಪಕ್ಕೆ ತಂದದ್ದು 1119ರಲ್ಲಿ. ಮಗುವಿನ ಅಂಗಗಳು ರೂಪುಗೊಂಡಿದ್ದರೂ ಬಲಗೊಂಡಿಲ್ಲ, ಆದ್ದರಿಂದ ರೋಗ ಬೇಗ ಬರುತ್ತದೆ, ಬೇಗ ತಿರುಗುತ್ತದೆ, ಮದ್ದು ಮೃದುವಾಗಿರಬೇಕು ಎಂಬುದು ಈ ಪರಂಪರೆಯ ಸಾರ. ಹದಿನಾರನೇ ಶತಮಾನದ ವಾನ್ ಚ್ವಾನ್ ಎಂಬ ವೈದ್ಯ, ಮಕ್ಕಳಲ್ಲಿ ಗುಲ್ಮದ ಶಕ್ತಿ ಸದಾ ಕೊರತೆಯಲ್ಲಿರುತ್ತದೆ ಎಂದು ಬರೆದ. ಚೀನೀ ವೈದ್ಯದಲ್ಲಿ ಗುಲ್ಮವೆಂದರೆ ಶರೀರಶಾಸ್ತ್ರದ ಅಂಗ ಮಾತ್ರವಲ್ಲ. ಆಹಾರವನ್ನು ಪಚನ ಮಾಡಿ ದೇಹಕ್ಕೆ ಒದಗಿಸುವ ಒಟ್ಟು ಶಕ್ತಿಗೆ ಆ ಹೆಸರು. ಆಯುರ್ವೇದದ ಜಠರಾಗ್ನಿಗೆ ಇದು ಸಮೀಪದ ಕಲ್ಪನೆ.

ಈ ದೃಷ್ಟಿಯಲ್ಲಿ ಶಿಶು ಹಾಲು ಕಕ್ಕಿದರೆ ಹಾಲು ಜಠರದಲ್ಲಿ ತಂಗಿದೆ ಎಂದರ್ಥ. ರಾತ್ರಿ ಅತ್ತರೆ ಹೊಟ್ಟೆಗೆ ಶೀತ ತಾಗಿದೆ ಅಥವಾ ಹೃದಯದಲ್ಲಿ ಉಷ್ಣ ಸೇರಿದೆ ಎಂದರ್ಥ. ತಾಯಿ ತಿಂದುದರ ಗುಣ ಹಾಲಿನ ಮೂಲಕ ಮಗುವಿಗೆ ಇಳಿಯುತ್ತದೆ. ಬಾಣಂತಿಗೆ ತಂಡಿ, ಉಷ್ಣ, ವಾಯುವಿನ ಪಥ್ಯ ಹೇಳುವ ಕನ್ನಡದ ಅಜ್ಜಿಗೆ ಈ ಮಾತುಗಳಲ್ಲಿ ಹೊಸತೇನೂ ಕಾಣದು.

ಟುಯ್ ನಾ ಅಂಗಮರ್ದನ: 1601ರಲ್ಲಿ ಪ್ರಕಟವಾದ ಸೂಜಿಚಿಕಿತ್ಸೆಯ ಮಹಾಗ್ರಂಥವೊಂದರಲ್ಲಿ ಮಕ್ಕಳ ಅಂಗಮರ್ದನಕ್ಕೆ ಪ್ರತ್ಯೇಕ ಭಾಗವಿದೆ. ಹೊಟ್ಟೆಯನ್ನು ಅಂಗೈಯಿಂದ ವೃತ್ತಾಕಾರವಾಗಿ ಸವರುವುದು, ಬೆರಳು, ಅಂಗೈಗಳ ನಿರ್ದಿಷ್ಟ ಜಾಗಗಳನ್ನು ತಿಕ್ಕುವುದು, ಬೆನ್ನುಹುರಿಯ ಉದ್ದಕ್ಕೂ ಚರ್ಮವನ್ನು ಚಿವುಟಿ ಹೊರಳಿಸುವುದು ಇದರ ಕ್ರಮಗಳು. ಮೊದಲನೆಯದು ನಮ್ಮ ಎಣ್ಣೆ ನೀವುವಿಕೆಗೆ ಹತ್ತಿರ. ಹಾಲು ಕುಡಿದ ತಕ್ಷಣ ಹೊರತುಪಡಿಸಿ ಉಳಿದ ವೇಳೆಯಲ್ಲಿ ಹಗುರವಾಗಿ ಹೊಟ್ಟೆ ಸವರುವುದರಿಂದ ಹಾನಿಯಿಲ್ಲ, ಮಗುವಿಗೆ ಹಿತವೆನಿಸುತ್ತದೆ. ಚಿವುಟುವುದು ಹಸುಗೂಸಿನ ತೆಳು ಚರ್ಮಕ್ಕೆ ಸಲ್ಲದು.

ಸೂಜಿಚಿಕಿತ್ಸೆ: ಯುರೋಪಿನ ಕೆಲವೆಡೆ ಕೋಲಿಕ್‌ಗೆ ಇದನ್ನು ಪ್ರಯೋಗಿಸಲಾಗಿದೆ. ಲಭ್ಯ ಪ್ರಯೋಗಗಳ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ನಡೆಸಿದ ವಿಶ್ಲೇಷಣೆ, ಅಳು ಗಮನಾರ್ಹವಾಗಿ ಕಡಿಮೆಯಾಗದು, ಶಿಶುಗಳಿಗೆ ಸೂಜಿ ಚುಚ್ಚುವುದನ್ನು ಶಿಫಾರಸು ಮಾಡಲಾಗದು ಎಂದಿತು.

ಹೊಕ್ಕುಳ ಪಟ್ಟಿ: ಲವಂಗ, ದಾಲ್ಚಿನ್ನಿ ಬೆರೆಸಿದ ಪಟ್ಟಿಯನ್ನು ಹೊಕ್ಕುಳಿಗೆ ಅಂಟಿಸುವುದು ಚೀನಾದಲ್ಲಿ ಪ್ರಚಲಿತ. ನಮ್ಮ ಹಿಂಗಿನ ಪಟ್ಟಿಗೆ ಇದು ಸೋದರ ಸಂಬಂಧಿ. ನವಜಾತ ಶಿಶುವಿನ ಹೊಕ್ಕುಳಿಗೆ ಇವೆರಡೂ ಬೇಡ.

ಚೀನೀ ಅನುಭವದ ಮೂರು ಪಾಠಗಳು

ಮೊದಲನೆಯದು ಹುವಾಂಗ್ ಲಿಯಾನ್. ಗರ್ಭದಿಂದ ಬಂದ 'ವಿಷ'ವನ್ನು ಕಳೆಯಲೆಂದು ಈ ಕಹಿಬೇರಿನ ರಸವನ್ನು ನವಜಾತ ಶಿಶುವಿಗೆ ಕುಡಿಸುವ ವಾಡಿಕೆ ಚೀನೀ ಕುಟುಂಬಗಳಲ್ಲಿತ್ತು. ಇದರಲ್ಲಿರುವ ಬರ್ಬರಿನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕಾಮಾಲೆಯನ್ನು ಉಲ್ಬಣಗೊಳಿಸಿ ಮಿದುಳಿಗೆ ಹಾನಿ ಮಾಡುತ್ತದೆ ಎಂಬ ಆತಂಕದಿಂದ ಸಿಂಗಪುರ ಸರ್ಕಾರ 1978ರಲ್ಲಿ ಅದನ್ನು ನಿಷೇಧಿಸಿತು. ಹೊಸ ಪರಿಶೀಲನೆಯ ಬಳಿಕ 2013ರಿಂದ ನಿಷೇಧ ಸಡಿಲಗೊಂಡಿತು. ಶಿಶುಗಳ ವಿಷಯದ ಎಚ್ಚರ ಮಾತ್ರ ಉಳಿದಿದೆ. ನಮ್ಮ ಮರದರಿಶಿನದಲ್ಲೂ ಇದೇ ಬರ್ಬರಿನ್ ಇದೆ ಎಂಬುದು ಗಮನಾರ್ಹ.

ಎರಡನೆಯದು ಚಕ್ರಮೊಗ್ಗು. ಅಡುಗೆಯ ಚೀನೀ ಚಕ್ರಮೊಗ್ಗಿನೊಂದಿಗೆ ನೋಡಲು ಹಾಗೆಯೇ ಇರುವ ಜಪಾನಿ ಜಾತಿಯ ವಿಷಕಾರಿ ಕಾಯಿ ಬೆರಕೆಯಾಗುವುದುಂಟು. ಒಣಗಿದ ಮೇಲೆ ಎರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ದುಸ್ತರ. ಇದರ ಕಷಾಯ ಕುಡಿದ ಸುಮಾರು 40 ಮಂದಿ ಸೆಳವು, ವಾಂತಿ ಮೊದಲಾದ ತೊಂದರೆಗೊಳಗಾದದ್ದನ್ನು, ಅವರಲ್ಲಿ ಸುಮಾರು 15 ಮಂದಿ ಶಿಶುಗಳಿದ್ದುದನ್ನು ಉಲ್ಲೇಖಿಸಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತು.

ಮೂರನೆಯದು ಸೀಸ. ಶಿಶುಗಳ ಹೊಟ್ಟೆನೋವಿಗೆ ಬಳಸುವ 'ಬಾ ಬಾವ್ ಸಾನ್' ಎಂಬ ಚೀನೀ ಪುಡಿಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸೀಸವಿರುವ ಮದ್ದುಗಳ ಪಟ್ಟಿಯಲ್ಲಿ ಸೇರಿಸಿದೆ. ಅದೇ ಪಟ್ಟಿಯಲ್ಲಿ ಭಾರತೀಯ ಕುಟುಂಬಗಳು ಬಳಸುವ 'ಘಸಾರ್ಡ್' ಪುಡಿ, 'ಬಾಲಗೋಲಿ' ಎಂಬ ಗುಳಿಗೆಗಳೂ ಇವೆ. ಸೀಸ ಮಗುವಿನ ಬುದ್ಧಿಶಕ್ತಿಯನ್ನು ಕುಂದಿಸುತ್ತದೆ. ಅದಕ್ಕೆ ಸುರಕ್ಷಿತ ಮಿತಿ ಎಂಬುದಿಲ್ಲ. ಬುದ್ಧಿ ಬೆಳೆಯಲೆಂದು ಕೊಡುವ ಪುಡಿಯೇ ಬುದ್ಧಿಯನ್ನು ಕಸಿಯಬಹುದು. ಲೇಬಲ್ಲಿಲ್ಲದ ಯಾವುದೇ ಪುಡಿ, ಗುಳಿಗೆ ಹಸುಗೂಸಿನ ಬಾಯಿಗೆ ಹೋಗಬಾರದು.

ಎರಡೂ ಪರಂಪರೆಗಳಲ್ಲಿ ಉಳಿಸಿಕೊಳ್ಳಬೇಕಾದುದು

ಹಳೆಯದೆಲ್ಲವನ್ನೂ ತಳ್ಳಿಹಾಕಬೇಕಿಲ್ಲ. ಬಾಣಂತಿಗೆ ತಿಂಗಳುಗಟ್ಟಲೆ ವಿಶ್ರಾಂತಿ, ಬಿಸಿಯೂಟ, ಮನೆಗೆಲಸದಿಂದ ಬಿಡುಗಡೆ ಕೊಡುವ ಬಾಣಂತನ ಕನ್ನಡ ನಾಡಿನಲ್ಲೂ ಇದೆ, 'ತಿಂಗಳು ಕೂರುವುದು' ಎಂಬ ಹೆಸರಿನಲ್ಲಿ ಚೀನಾದಲ್ಲೂ ಇದೆ. ನಿದ್ದೆ, ಊಟ, ನೆಮ್ಮದಿ ಇದ್ದರೆ ಹಾಲೂಡಿಸುವುದು ತಾಯಿಗೆ ಸುಲಭವಾಗುತ್ತದೆ. ಬಾಣಂತಿಗೆ ನೀರು ಕೊಡದಿರುವುದು, ಹಣ್ಣು ತರಕಾರಿ ಬಿಡಿಸುವುದು ಮಾತ್ರ ತಪ್ಪು. ಮಗುವನ್ನು ಎದೆಗವಚಿಕೊಳ್ಳುವುದು, ಹಗುರವಾಗಿ ನೀವುವುದು, ತೂಗುವುದು, ಜೋಗುಳ ಹಾಡುವುದು ಕೋಲಿಕ್‌ಗೆ ಇಂದಿಗೂ ವೈದ್ಯರು ಹೇಳುವ ಉಪಾಯಗಳೇ. ಮದ್ದು ತೇಯುವ ಅಜ್ಜಿಯ ಕೈಯಲ್ಲಿ ಮಗುವನ್ನಿಟ್ಟು, ಆ ಎರಡು ಗಂಟೆ ತಾಯಿಗೆ ನಿದ್ದೆ ಮಾಡಲು ಬಿಟ್ಟರೆ ಅದಕ್ಕಿಂತ ದೊಡ್ಡ ಮದ್ದಿಲ್ಲ.

ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು

* ಹಸಿರು ಬಣ್ಣದ ವಾಂತಿ. ಕರುಳು ತಿರುಚಿಕೊಂಡಿರಬಹುದು, ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯುವ ಅಪಾಯವಿದೆ.
* ಎರಡರಿಂದ ಎಂಟು ವಾರದ ಮಗು ಪ್ರತಿ ಸಲ ಹಾಲು ಕುಡಿದ ಬಳಿಕ ಚಿಲುಮೆಯಂತೆ ದೂರಕ್ಕೆ ಚಿಮ್ಮಿ ವಾಂತಿ ಮಾಡಿ, ಮತ್ತೆ ಹಸಿವಿನಿಂದ ಅಳುವುದು. ಜಠರದ ಕೆಳದ್ವಾರ ದಪ್ಪಗಾಗಿ ಮುಚ್ಚಿರಬಹುದು.
* ಹೊಟ್ಟೆ ಬಿಗಿದು ಊದುವುದು, ಮಲ ಅಥವಾ ವಾಂತಿಯಲ್ಲಿ ರಕ್ತ.
* 48 ಗಂಟೆ ಕಳೆದರೂ ಕಪ್ಪು ಮಲ ಆಗದಿರುವುದು.
* ಹಾಲು ಕುಡಿಯಲು ನಿರಾಕರಿಸುವುದು, ಎಬ್ಬಿಸಿದರೂ ಏಳದ ಮಂಪರು, ಸೆಳವು.
* ಮೈ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾಗುವುದು, 35.5 ಡಿಗ್ರಿಗಿಂತ ತಣ್ಣಗಾಗುವುದು.
* ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಪಕ್ಕೆ ಒಳಸೆಳೆಯುವುದು.
* ಮೊದಲ 24 ಗಂಟೆಗಳಲ್ಲೇ ಕಾಮಾಲೆ ಕಾಣುವುದು, ಅಂಗೈ ಅಂಗಾಲಿಗೆ ಹಳದಿ ಹರಡುವುದು, ಮಲ ಬಿಳಿಚುವುದು.
* ಎಂಟು ಗಂಟೆಗಳಿಗೂ ಹೆಚ್ಚು ಕಾಲ ಮೂತ್ರ ಮಾಡದಿರುವುದು.

ಈ ಪಟ್ಟಿಯಲ್ಲಿರುವ ಯಾವುದಕ್ಕೂ ಮನೆಯಲ್ಲಿ ಮದ್ದಿಲ್ಲ. ಒಂದೇ ಒಂದು ಹಸಿರು ವಾಂತಿಯಾದರೂ ಬೆಳಗಾಗಲಿ ಎಂದು ಕಾಯಬಾರದು. ಮಗುವಿಗೆ ಮೊದಲೇ ಏನಾದರೂ ಮದ್ದು ಕೊಟ್ಟಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಪೊಟ್ಟಣ ಉಳಿದಿದ್ದರೆ ಜತೆಗೆ ಒಯ್ಯಬೇಕು.

ನೆರವು ಎಲ್ಲಿ?

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3, 7, 14, 21, 28 ಹಾಗೂ 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕೆಂಬುದು ಸರ್ಕಾರಿ ಕಾರ್ಯಕ್ರಮದ ನಿಯಮ. ತೂಕ ಹಾಕಿಸುವುದು, ಹಾಲೂಡಿಸುವ ರೀತಿ ತೋರಿಸಿಕೊಳ್ಳುವುದು, ಸಂದೇಹ ಕೇಳುವುದು ಈ ಭೇಟಿಗಳಲ್ಲಿ ಆಗಬೇಕು. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ, ಪರೀಕ್ಷೆ, ಚಿಕಿತ್ಸೆ, ಸಾಗಣೆ ಉಚಿತ. ಹಣದ ಚಿಂತೆಯಿಂದ ಆಸ್ಪತ್ರೆಯ ದಾರಿ ತಪ್ಪಿಸಬೇಕಾದ ಕಾರಣವಿಲ್ಲ. ಶಿವಾಜಿನಗರ ಸುತ್ತಲಿನವರಿಗೆ ಗೋಷಾ ಆಸ್ಪತ್ರೆ ಹಾಗೂ ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದ ಬೌರಿಂಗ್ ಆಸ್ಪತ್ರೆ ಸಮೀಪದಲ್ಲೇ ಇವೆ.

ಬಜೆ, ಜಾಯಿಕಾಯಿ, ಚಕ್ರಮೊಗ್ಗು ಅಡುಗೆಮನೆಯಲ್ಲೋ ದೊಡ್ಡವರ ಔಷಧಿಯಲ್ಲೋ ತಮ್ಮ ಸ್ಥಾನದಲ್ಲಿರಲಿ. ಹಸುಗೂಸಿಗೆ ಮೊದಲ ಆರು ತಿಂಗಳು ತಾಯಿಹಾಲೇ ಆಹಾರ, ತಾಯಿಹಾಲೇ ನೀರು. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ ಹಾಗೂ ಔಷಧಿಗಳ ಹೊರತು ಬೇರೇನೂ ಅದಕ್ಕೆ ಬೇಕಿಲ್ಲ.